ಸಕ್ಕರೆ ಕಾಯಿಲೆಯ ಸಾಧನಗಳು ಮತ್ತು ಕನ್ನಡ ಗದ್ಯ: ಒಂದು ವಿಮರ್ಶೆ

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಎಂದೊಡನೆ ಆ ಸೀಮೆಯವರಿಗೆ ನೆನಪಾಗುವುದು ನಾರದಮುನಿಯ ದೇವಾಲಯ. ಮೂರು ಲೋಕಗಳಲ್ಲಿ ಸಂಚರಿಸಿ ಒಂದೆಡೆಯ ಸುದ್ದಿಯನ್ನು ಇನ್ನೊಂದೆಡೆಗೆ ಮುಟ್ಟಿಸುವ ಈ ಮುನಿಗೆ ನಮ್ಮ ನಾಡಿನಲ್ಲಿ ಗುಡಿಗಳು ವಿರಳ. ಆದಕಾರಣ ಊರಿಗೆ ವಿಶೇಷವಾದ ಹೆಸರುಂಟು. ದಾವಣಗೆರೆಗೆ ಹೋದವರಿಗೆ ಅದೇ ಹೆಸರು ಬೇರೊಂದು ಕಾರಣದಿಂದ ಪರಿಚಿತ. ಅಲ್ಲಿಯ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿ ಆಸ್ಪತ್ರೆಯೆಂದೇ ಹೆಸರು. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು; ೨೦೧೮ರಲ್ಲಿ ಮತ್ತೆ ಬಳ್ಳಾರಿಗೆ ಮರಳಿ, ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದರೂ ಊರಿನ ಹೆಸರು ಆಸ್ಪತ್ರೆಯ ಬಾಗಿಲಲ್ಲಿ ಉಳಿದಿದೆ. ಸುದ್ದಿ ತರುವವನ ಗುಡಿ, ರೋಗಿಗಳ ಆಶ್ರಯಸ್ಥಾನ, ಈ ಎರಡನ್ನೂ ಒಂದೇ ಹೆಸರು ನೆನಪಿಗೆ ತರುವುದು ಆಕಸ್ಮಿಕವಾದರೂ ಪ್ರಕೃತ ಲೇಖನದ ವಿಷಯಕ್ಕೆ ಅದು ಒದಗಿಬರುವಂತಿದೆ.

ಇಂದು ದೇಹದೊಳಗಿನ ಸುದ್ದಿಯನ್ನು ಹೊರಗೆ ತರುವ ಕೆಲಸವನ್ನು ಅಂಗೈಯಲ್ಲಿ ಹಿಡಿಸುವ ಉಪಕರಣಗಳು ಮಾಡುತ್ತಿವೆ. ೨೦೨೩ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯುಳ್ಳವರು ಸುಮಾರು ೧೦ ಕೋಟಿ ೧೦ ಲಕ್ಷ. ಈ ರೋಗವನ್ನು ಅಳೆಯುವ ಮತ್ತು ಹದದಲ್ಲಿಡುವ ಸಾಧನಗಳು ನೂರು ವರ್ಷಗಳಲ್ಲಿ ಪಡೆದಿರುವ ಪ್ರಗತಿ ಆಶ್ಚರ್ಯಕರವಾದುದು. ಆದರೆ ಅವು ತರುವ ಸುದ್ದಿ ಕನ್ನಡಿಗನ ಮನೆಗೆ ಯಾವ ಮಾತಿನಲ್ಲಿ ಬಂದು ಮುಟ್ಟುತ್ತಿದೆ? ಆಸ್ಪತ್ರೆಯ ಕರಪತ್ರ, ಉಪಕರಣದ ಪೆಟ್ಟಿಗೆಯೊಳಗಿನ ಸೂಚನಾಪತ್ರ, ಪತ್ರಿಕೆಯ ಆರೋಗ್ಯ ಅಂಕಣ, ಈ ಮೂರು ಬಗೆಯ ಗದ್ಯವನ್ನು ವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದೇ ಇಲ್ಲಿಯ ಉದ್ದೇಶ. ಸಾಧನಗಳು ಮುಂದುವರಿದಷ್ಟು ಅವನ್ನು ಕುರಿತ ನಮ್ಮ ಗದ್ಯ ಮುಂದುವರಿದಿಲ್ಲ. ಇದು ಶೈಲಿಯ ದೋಷ ಮಾತ್ರವಲ್ಲ, ಪ್ರಾಣಕ್ಕೆ ಸಂಬಂಧಿಸಿದ ದೋಷವೂ ಹೌದು ಎಂಬುದು ನನ್ನ ವಾದ.

ಕರಪತ್ರವನ್ನು ವಿಮರ್ಶಿಸುವುದು ಸಾಹಿತ್ಯ ವಿಭಾಗದ ಕೆಲಸವೇ ಎಂಬ ಆಕ್ಷೇಪಣೆ ಬರಬಹುದು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರು ಈ ಆಕ್ಷೇಪಣೆಯನ್ನು ಎತ್ತಲಾರರು. ೧೨ನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಅದೇ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ೧೪ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವೆಲ್ಲವೂ ನಮ್ಮ ಚರಿತ್ರೆಯ ಪುಟಗಳಲ್ಲಿ ಗೌರವದ ಸ್ಥಾನ ಪಡೆದಿವೆ. ವೈದ್ಯವನ್ನು ಹೇಳುವ ಮಾತಿಗೆ ಹದ ಬೇಕೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಹಳೆಯ ಶಾಸ್ತ್ರಗ್ರಂಥಕ್ಕೆ ಸಲ್ಲುವ ಗಮನ ಇಂದಿನ ಶಾಸ್ತ್ರಗದ್ಯಕ್ಕೆ ಸಲ್ಲದಿರಲು ಕಾರಣವಿಲ್ಲ.

೧

ಮೊದಲು ಹೆಸರುಗಳನ್ನು ನೋಡೋಣ. ‘ಮಧುಮೇಹ’, ‘ಸಿಹಿಮೂತ್ರ’ ಎಂಬ ಎರಡು ಹೆಸರುಗಳೂ ಮೂತ್ರವನ್ನು ಕುರಿತವು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ರೋಗವನ್ನು ಗುರುತಿಸಿದ ಕಾಲದ ಜ್ಞಾನ ಆ ಹೆಸರುಗಳಲ್ಲಿ ನಿಂತಿದೆ. ೨೦ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ರೂಪಿಸಿದ ದ್ರಾವಣ ಇರುವೆಯ ಕೆಲಸವನ್ನು ಗಾಜಿನ ನಳಿಕೆಗೆ ವರ್ಗಾಯಿಸಿತು. ೫ ಮಿಲಿಲೀಟರ್ ನೀಲಿ ದ್ರಾವಣಕ್ಕೆ ೮ ಹನಿ ಮೂತ್ರ ಹಾಕಿ ಕಾಯಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ಅನುಗುಣವಾಗಿ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು ಬಣ್ಣ ಬರುವುದನ್ನು ನಮ್ಮ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳು ಇಂದಿಗೂ ಕಾಣುತ್ತಾರೆ. ಆದರೆ ರಕ್ತದ ಒಂದು ಡೆಸಿಲೀಟರಿನಲ್ಲಿ ಗ್ಲೂಕೋಸು ಸುಮಾರು ೧೮೦ ಮಿಲಿಗ್ರಾಮು ದಾಟುವವರೆಗೆ ಮೂತ್ರಪಿಂಡಗಳು ಸಾಮಾನ್ಯವಾಗಿ ಅದನ್ನು ಹೊರಬಿಡುವುದಿಲ್ಲ. ಎಂದರೆ, ಮೂತ್ರದ ಪರೀಕ್ಷೆ ಏರಿಕೆಯನ್ನು ತಡವಾಗಿ ಹೇಳುತ್ತದೆ. ಇಳಿತವನ್ನು ಹೇಳುವುದೇ ಇಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

೧೯೨೨ರ ಜನವರಿ ೧೧ರಂದು ಕೆನಡಾದ ಟೊರಾಂಟೋ ನಗರದ ಆಸ್ಪತ್ರೆಯಲ್ಲಿ ೧೪ ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಚುಚ್ಚಲಾಯಿತು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್, ಮೆಕ್ಲಿಯಾಡ್ ಇವರ ಈ ಸಾಧನೆಯಿಂದ, ಅಲ್ಲಿಯವರೆಗೆ ಉಪವಾಸದ ಪಥ್ಯದಲ್ಲಿ ದಿನ ಎಣಿಸುತ್ತಿದ್ದ ಮಕ್ಕಳು ಬದುಕಿ ಬೆಳೆಯುವಂತಾಯಿತು. ೧೯೬೫ರ ಸುಮಾರಿಗೆ ರಕ್ತದ ಹನಿಯಿಂದ ಬಣ್ಣ ಬದಲಾಯಿಸುವ ಪಟ್ಟಿಗಳು ಬಂದವು. ೧೯೭೦ರ ದಶಕದ ಆರಂಭದಲ್ಲಿ ಆ ಬಣ್ಣವನ್ನು ಓದಿ ಅಂಕಿಯಾಗಿ ಹೇಳುವ, ವೈದ್ಯರ ಮೇಜಿನ ಮೇಲಷ್ಟೇ ಕಾಣಬಹುದಾಗಿದ್ದ ತೂಕದ ಮಾಪಕ ಬಂದಿತು. ೧೯೬೨ರಲ್ಲಿ ಲೀಲ್ಯಾಂಡ್ ಕ್ಲಾರ್ಕ್ ಸೂಚಿಸಿದ ಕಿಣ್ವ-ವಿದ್ಯುದ್ವಾರದ ತತ್ತ್ವವನ್ನು ಅನುಸರಿಸಿ, ೧೯೮೦ರ ದಶಕದಲ್ಲಿ ಪೆನ್ನಿನಷ್ಟು ಸಣ್ಣ ಮಾಪಕಗಳು ತಯಾರಾದವು. ೧೯೮೫ರಲ್ಲಿ ಡೆನ್ಮಾರ್ಕಿನಿಂದ ಇನ್ಸುಲಿನ್ ಪೆನ್ನು, ೧೯೯೯ರಲ್ಲಿ ಚರ್ಮದ ಕೆಳಗಿಟ್ಟು ಸತತವಾಗಿ ಅಳೆಯುವ ಸಂವೇದಕ, ೨೦೧೪ರಲ್ಲಿ ತೋಳಿಗೆ ಅಂಟಿಸಿಕೊಂಡು ೧೪ ದಿನ ಇಟ್ಟುಕೊಳ್ಳಬಹುದಾದ ಬಿಲ್ಲೆ, ೨೦೧೬ರಲ್ಲಿ ಸಂವೇದಕದ ಅಂಕಿಯನ್ನು ನೋಡಿ ಇನ್ಸುಲಿನ್ ಪ್ರಮಾಣವನ್ನು ತಾನೇ ಹೆಚ್ಚುಕಡಿಮೆ ಮಾಡುವ ಪಂಪು, ಹೀಗೆ ಸಾಧನಗಳ ಪರಂಪರೆ ಸಾಗಿದೆ.

ಈ ಪರಂಪರೆಯಲ್ಲಿ ಅಳತೆಯ ಸ್ಥಾನ ಮೂತ್ರದಿಂದ ರಕ್ತಕ್ಕೆ, ರಕ್ತದಿಂದ ಚರ್ಮದಡಿಯ ದ್ರವಕ್ಕೆ ಸರಿಯಿತು. ಅಳೆಯುವವನ ಸ್ಥಾನ ಪ್ರಯೋಗಶಾಲೆಯಿಂದ ಮನೆಯ ಪಡಸಾಲೆಗೆ ಬಂದಿತು. ನಮ್ಮ ಜನ ಈ ನಡುವೆ ರೋಗಕ್ಕೆ ‘ಸಕ್ಕರೆ ಕಾಯಿಲೆ’ ಎಂದೂ, ಈಚೆಗೆ ‘ಶುಗರ್’ ಎಂದೂ ಹೆಸರಿಟ್ಟುಕೊಂಡರು. ಮೂತ್ರದ ಹೆಸರು ಹೋಗಿ ಪದಾರ್ಥದ ಹೆಸರು ಬಂದಿತು. ಈ ಹೆಸರು ಸುಲಭ, ಸಂಕೋಚವಿಲ್ಲದ್ದು. ಆದರೆ ಅದರಲ್ಲಿ ಒಂದು ಅಪಾಯವೂ ಅಡಗಿದೆ. ಅದನ್ನು ಮುಂದೆ ವಿವರಿಸುತ್ತೇನೆ.

೨

ಈಗ ಗದ್ಯಕ್ಕೆ ಬರೋಣ. ಯಾವ ಒಂದು ಸಂಸ್ಥೆಯನ್ನೂ ಬೆರಳು ಮಾಡಿ ತೋರುವುದು ನನ್ನ ಉದ್ದೇಶವಲ್ಲದ ಕಾರಣ, ಇಂಥ ಬರೆಹಗಳಲ್ಲಿ ಪದೇ ಪದೇ ಕಾಣುವ ರಚನೆಗಳ ಮಾದರಿಯಲ್ಲಿ ನಾನೇ ವಾಕ್ಯಗಳನ್ನು ಕಟ್ಟಿ ಪರೀಕ್ಷಿಸುತ್ತೇನೆ.

“ರಕ್ತದ ಗ್ಲೂಕೋಸಿನ ಮಟ್ಟವು ಆಹಾರಸೇವನೆಗೆ ಪೂರ್ವದಲ್ಲಿ ಪರೀಕ್ಷಿಸಲ್ಪಡತಕ್ಕದ್ದು.” ಇಲ್ಲಿ ಪರೀಕ್ಷಿಸುವವರು ಯಾರು? ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗಿದ್ದಲ್ಲವೆಂದು ನಮ್ಮ ವೈಯಾಕರಣರು ಬಹುಕಾಲದಿಂದ ಹೇಳುತ್ತಿದ್ದಾರೆ. ಕಥೆಯಲ್ಲಿ ಅದು ಕಿವಿಗೆ ಕಟುವಾಗುತ್ತದೆ, ಅಷ್ಟೆ. ಇಲ್ಲಿ ಅದು ಕರ್ತೃವನ್ನೇ ಮರೆಸುತ್ತದೆ. ಪ್ರಯೋಗಶಾಲೆಯವನು ಪರೀಕ್ಷಿಸುತ್ತಿದ್ದ ಕಾಲದಲ್ಲಿ ಕರ್ತೃ ಮರೆಯಾದರೂ ನಷ್ಟವಿರಲಿಲ್ಲ. ಪರೀಕ್ಷೆ ರೋಗಿಯ ಕೈಗೆ ಬಂದ ಮೇಲೆ ವಾಕ್ಯದ ಕರ್ತೃವೂ ಅವನೇ ಆಗಬೇಕಾಗಿತ್ತು. “ಉಣ್ಣುವ ಮೊದಲು ನೀವೇ ನೋಡಿಕೊಳ್ಳಿ” ಎಂದರೆ ಎಲ್ಲವನ್ನೂ ಹೇಳಿದಂತಾಯಿತು. ಉಪಕರಣ ಮನೆಗೆ ಬಂದಿದೆ. ವಾಕ್ಯ ಇನ್ನೂ ಪ್ರಯೋಗಶಾಲೆಯಲ್ಲಿಯೇ ಉಳಿದಿದೆ.

“ಈ ಸಾಧನವು ರಕ್ತದ ಸಕ್ಕರೆಯನ್ನು ಪ್ರತಿಕ್ಷಣವೂ ಅಳೆಯುತ್ತದೆ.” ತೋಳಿನ ಬಿಲ್ಲೆಯನ್ನು ಕುರಿತು ಇಂಥ ವಾಕ್ಯ ಬಂದರೆ ಅದರಲ್ಲಿ ಮೂರು ತಪ್ಪುಗಳಿರುತ್ತವೆ. ಬಿಲ್ಲೆಯ ಎಳೆ ಇರುವುದು ರಕ್ತದಲ್ಲಲ್ಲ, ಜೀವಕೋಶಗಳ ನಡುವಣ ದ್ರವದಲ್ಲಿ. ಅದು ಅಳೆಯುವುದು ಪ್ರತಿಕ್ಷಣವಲ್ಲ, ಕೆಲವು ನಿಮಿಷಗಳಿಗೊಮ್ಮೆ. ಅದು ತೋರಿಸುವ ಅಂಕಿ ರಕ್ತದ ಸಕ್ಕರೆಯ ನೇರವಾದ ಅಳತೆಯಲ್ಲ, ಲೆಕ್ಕದಿಂದ ಬಂದ ಅಂದಾಜು. ರಕ್ತದ ಬದಲಾವಣೆ ಆ ದ್ರವಕ್ಕೆ ತಲಪಲು ಸುಮಾರು ೫ರಿಂದ ೧೫ ನಿಮಿಷ ಹಿಡಿಯುತ್ತದೆ. ಸಕ್ಕರೆ ವೇಗವಾಗಿ ಇಳಿಯುತ್ತಿರುವಾಗ ಬಿಲ್ಲೆ ನೆಮ್ಮದಿಯ ಅಂಕಿಯನ್ನೇ ತೋರಿಸುತ್ತಿರಬಹುದು. ಆದಕಾರಣವೇ, ಮೈಯ ಲಕ್ಷಣಕ್ಕೂ ಅಂಕಿಗೂ ಹೊಂದದಿದ್ದಾಗ ಬೆರಳಿನ ರಕ್ತವನ್ನು ನೋಡಬೇಕೆಂದು ವೈದ್ಯರು ಹೇಳುವುದು. ನಾರದನೂ ಸುದ್ದಿಯನ್ನು ತರುತ್ತಾನೆ. ಆದರೆ ಆ ಸುದ್ದಿ ಯಾವಾಗಿನದು, ಎಲ್ಲಿಯದು ಎಂದು ವಿಚಾರಿಸದೆ ನಡೆದುಕೊಂಡವರು ಪುರಾಣಗಳಲ್ಲಿ ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ.

“ಕೃತಕ ಮೇದೋಜೀರಕ ಗ್ರಂಥಿಯು ಇನ್ನು ಮುಂದೆ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ.” ೨೦೧೬ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಂಪು ಅರ್ಧ ಸ್ವಯಂಚಾಲಿತವಾದುದು. ಊಟದಲ್ಲಿ ಎಷ್ಟು ಪಿಷ್ಟವಿದೆ ಎಂಬುದನ್ನು ಉಣ್ಣುವವನೇ ಅದಕ್ಕೆ ತಿಳಿಸಬೇಕು. ಎರಡು ಜೋಳದ ರೊಟ್ಟಿ, ಒಂದು ಹಿಡಿ ಅನ್ನ, ಸಂಜೆಯ ಮಂಡಕ್ಕಿ, ಇವುಗಳ ಲೆಕ್ಕ ಯಂತ್ರಕ್ಕೆ ತಾನಾಗಿ ಗೊತ್ತಾಗದು. ಹೀಗಿರಲು ‘ಎಲ್ಲವನ್ನೂ ತಾನೇ’ ಎಂಬುದು ಪ್ರಶಂಸೆಯ ಭಾಷೆಯೇ ಹೊರತು ವರ್ಣನೆಯ ಭಾಷೆಯಲ್ಲ. ಇದರ ವಿಕೃತರೂಪವನ್ನು ಚುಚ್ಚದೆಯೇ ಸಕ್ಕರೆ ಹೇಳುತ್ತವೆಂದು ಮಾರಲಾಗುವ ಕೈಗಡಿಯಾರ, ಉಂಗುರಗಳ ಜಾಹೀರಾತಿನಲ್ಲಿ ಕಾಣಬಹುದು. ತಾನು ಅಂಥ ಯಾವ ಸಾಧನಕ್ಕೂ ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೨೪ರಲ್ಲಿ ಎಚ್ಚರಿಸಿತು.

ಅಂಕಿಯನ್ನು ಓದುವ ಬಗೆಯನ್ನು ಕಲಿಸುವಲ್ಲಿಯೂ ನಮ್ಮ ಗದ್ಯ ಮೌನವಾಗಿದೆ. ೨೦೧೩ರ ಅಂತರರಾಷ್ಟ್ರೀಯ ಮಾನಕದಂತೆ, ೧೦೦ ಮಿಲಿಗ್ರಾಮು ಮತ್ತು ಅದಕ್ಕೆ ಮೇಲ್ಪಟ್ಟ ಅಳತೆಗಳಲ್ಲಿ ನೂರಕ್ಕೆ ೯೫ ಅಂಕಿಗಳು ನಿಜವಾದ ಬೆಲೆಯಿಂದ ಶೇಕಡ ೧೫ರೊಳಗೆ ಇದ್ದರೆ ಮಾಪಕ ಒಪ್ಪತಕ್ಕದ್ದು. ನಿಜವಾಗಿ ೧೬೦ ಇರುವಾಗ ಅದು ೧೩೬ ಎಂದರೂ ೧೮೪ ಎಂದರೂ ಮಾಪಕದಲ್ಲಿ ದೋಷವಿದೆಯೆನ್ನುವಂತಿಲ್ಲ. ಬೆಲ್ಲ ಮುರಿದ ಬೆರಳನ್ನು, ಮಾವಿನ ಹಣ್ಣು ಹಿಡಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಇವು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದಾದ ಸಂಗತಿಗಳು. ಹೇಳದೆ ಬಿಟ್ಟುದರಿಂದ ನಿನ್ನೆಯ ೧೫೦, ಇಂದಿನ ೧೬೫ ಎಂಬ ವ್ಯತ್ಯಾಸವನ್ನು ಹಿಡಿದು ಮನೆಗಳಲ್ಲಿ ವಿಚಾರಣೆ ನಡೆಯುತ್ತದೆ. ಏನನ್ನು ಕದ್ದು ತಿಂದಿರಿ ಎಂದು ಹಿರಿಯರನ್ನು ಕೇಳುತ್ತಾರೆ.

೩

ಇನ್ನು ನಾನು ಮುಖ್ಯವೆಂದು ಭಾವಿಸಿದ ವಿಷಯ. ಕೆಲವು ವರ್ಷಗಳ ಹಿಂದೆ ಚಿಗಟೇರಿ ಹೋಬಳಿಯ ಹಳ್ಳಿಯೊಂದರಲ್ಲಿ ನನ್ನ ಬಂಧುಗಳ ಮನೆಗೆ ಹೋಗಿದ್ದೆ. ಆ ಮನೆಯ ದೊಡ್ಡವ್ವ ಬೆಳಗ್ಗೆ ಇನ್ಸುಲಿನ್ ತೆಗೆದುಕೊಂಡಿದ್ದರು. ಬಂದವರ ಉಪಚಾರದಲ್ಲಿ ಅವರ ರೊಟ್ಟಿ ತಡವಾಯಿತು. ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ, ಮಾತು ತೊದಲು. ಕಾಲೇಜಿನಲ್ಲಿ ಓದುವ ಮೊಮ್ಮಗ ಮಾಪಕ ತಂದು ಬೆರಳು ಚುಚ್ಚಿದ. ಅಂಕಿ ೫೪. “ಇವತ್ತು ಬಾಳ ಕಮ್ಮಿ ಐತಿ, ಚಲೋ ಆತು” ಎಂದು ಮನೆಯವರು ಸಮಾಧಾನಪಟ್ಟರು. ಅಷ್ಟರಲ್ಲಿ ನೆರೆಮನೆಯ ಆಶಾ ಕಾರ್ಯಕರ್ತೆ ಬಂದು, ಅಂಕಿಯನ್ನು ನೋಡಿ, ಅಡುಗೆಮನೆಗೆ ನುಗ್ಗಿ ಒಂದು ಲೋಟ ನೀರಿಗೆ ಸಕ್ಕರೆ ಕದಡಿದಳು. “ಸಕ್ರಿ ಕಾಯಿಲಿ ಇದ್ದೋರಿಗೆ ಸಕ್ರಿ ಕೊಡ್ತಾರೇನವ್ವಾ?” ಎಂದು ಸೊಸೆ ಕೈ ಹಿಡಿದಳು. “ಈಗ ಸಕ್ರೀನ ಔಷಧ ಅಕ್ಕಾ, ಬಿಡು” ಎಂದಳು ಆಕೆ. ಕಾಲು ಗಂಟೆಯಲ್ಲಿ ದೊಡ್ಡವ್ವ ಎದ್ದು ಕುಳಿತರು.

ಆ ಮನೆಯವರು ಅವಿದ್ಯಾವಂತರಲ್ಲ. ಮಾಪಕ ಸರಿಯಾಗಿತ್ತು, ಅಂಕಿಯೂ ಸರಿಯಾಗಿತ್ತು. ತಪ್ಪಿದ್ದು ಅರ್ಥ. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕರಪತ್ರವನ್ನು ನಾನು ಅನಂತರ ಓದಿದೆ. ಸಕ್ಕರೆಯನ್ನು ಇಳಿಸುವ ಉಪಾಯಗಳಿಂದ ಅದು ತುಂಬಿತ್ತು. ಕೊನೆಯ ಪುಟದ ಕೆಳಗೆ ‘ಅಲ್ಪ ಗ್ಲೂಕೋಸ್ ರಕ್ತತೆ’ ಎಂಬ ಸಮಾಸವೊಂದರ ಅಡಿಯಲ್ಲಿ, ಅದು ಸಂಭವಿಸಿದಲ್ಲಿ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದೆಂದು ಬರೆದಿತ್ತು. ಸೂಕ್ತ ಕ್ರಮವೆಂದರೆ ಒಂದು ಹಿಡಿ ಸಕ್ಕರೆಯೆಂದು ಆ ಸಮಾಸದಿಂದ ಯಾರು ತಾನೇ ಊಹಿಸಬಲ್ಲರು?

ಮೂತ್ರವನ್ನು ನೋಡುತ್ತಿದ್ದ ಕಾಲದಲ್ಲಿ ಇಳಿತ ಕಣ್ಣಿಗೆ ಕಾಣುತ್ತಿರಲಿಲ್ಲವೆಂದು ಹಿಂದೆ ಹೇಳಿದೆನಷ್ಟೆ. ಆ ಕಾಲದ ರೋಗಕಲ್ಪನೆಯಲ್ಲಿ ಏರಿಕೆಯೊಂದೇ ಅಪಾಯ, ಸಕ್ಕರೆಯೊಂದೇ ಶತ್ರು. ಇನ್ಸುಲಿನ್ನು ಪ್ರಾಣವನ್ನು ಉಳಿಸುವುದರ ಜೊತೆಗೆ ಹೊಸದೊಂದು ಅಪಾಯವನ್ನೂ ತಂದಿತು. ಕೆಲವು ಮಾತ್ರೆಗಳಿಂದಲೂ ಅದು ಉಂಟಾಗುತ್ತದೆ. ೭೦ಕ್ಕಿಂತ ಕೆಳಗಿಳಿದರೆ ಎಚ್ಚರ ಬೇಕು. ಮಿದುಳಿಗೆ ಗ್ಲೂಕೋಸು ಸಾಲದಾದರೆ ಪ್ರಜ್ಞೆ ತಪ್ಪುತ್ತದೆ. ಆಗ ರೋಗಿ ಎಚ್ಚರವಾಗಿದ್ದು ನುಂಗಬಲ್ಲವನಾಗಿದ್ದರೆ ಸುಮಾರು ೧೫ ಗ್ರಾಮು ಸಕ್ಕರೆ ಕೊಟ್ಟು, ೧೫ ನಿಮಿಷದ ಮೇಲೆ ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ರೋಗದ ಹೆಸರಿನಲ್ಲಿಯೇ ಶತ್ರುವಾಗಿ ನಿಂತ ಪದಾರ್ಥ ಒಂದು ಗಳಿಗೆಯಲ್ಲಿ ಔಷಧವಾಗುವ ಈ ತಿರುವನ್ನು ‘ಸಕ್ಕರೆ ಕಾಯಿಲೆ’ ಎಂಬ ಹೆಸರು ಹೇಳಲಾರದು. ಅದು ತದ್ವಿರುದ್ಧವಾದುದನ್ನೇ ಹೇಳುತ್ತದೆ. ಜನರ ಬಾಯಲ್ಲಿ ನೆಲೆನಿಂತ ಹೆಸರನ್ನು ಬದಲಾಯಿಸುವುದು ಅಸಾಧ್ಯ, ಅನಗತ್ಯ. ಆದರೆ ಹೆಸರು ಹೇಳದುದನ್ನು ವಾಕ್ಯ ಹೇಳಬೇಕು. ಅದಕ್ಕೆ ‘ಸಕ್ಕರೆ ಇಳಿತ’ ಎಂಬ ಎರಡು ಮಾತುಗಳು ಸಾಕು. ಅವು ಕರಪತ್ರದ ಮೊದಲ ಸಾಲಿನಲ್ಲಿರಬೇಕು, ಕೊನೆಯ ಪುಟದಲ್ಲಲ್ಲ.

೪

ವಾಕ್ಯದ ಅಸ್ಪಷ್ಟತೆಯಿಂದ ಎಷ್ಟು ಹಾನಿಯಾಗಬಹುದೆಂಬುದಕ್ಕೆ ಇನ್ನೊಂದು ನಿದರ್ಶನ. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ನು ಬಹುಮಟ್ಟಿಗೆ ಮಿಲಿಲೀಟರಿಗೆ ೪೦ ಘಟಕಗಳ ಬಲದ್ದು; ಪೆನ್ನಿನದು ಸಾಮಾನ್ಯವಾಗಿ ೧೦೦ರದು. ಎರಡಕ್ಕೂ ಬೇರೆ ಬೇರೆ ಸಿರಿಂಜುಗಳಿವೆ. ೪೦ರದಕ್ಕೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆ. ೨೦ ಘಟಕ ಬೇಕಾದವರು ೪೦ರ ಔಷಧವನ್ನು ೧೦೦ರ ಸಿರಿಂಜಿನ ೨೦ರ ಗೆರೆಗೆ ಎಳೆದುಕೊಂಡರೆ ಮೈಗೆ ಹೋಗುವುದು ೮ ಘಟಕ ಮಾತ್ರ. ೧೦೦ರ ಔಷಧವನ್ನು ೪೦ರ ಸಿರಿಂಜಿನ ೨೦ರ ಗೆರೆಗೆ ಎಳೆದುಕೊಂಡರೆ ಹೋಗುವುದು ೫೦ ಘಟಕ. “ಸೂಕ್ತ ಪ್ರಮಾಣದ ಸಿರಿಂಜನ್ನು ಉಪಯೋಗಿಸಿರಿ” ಎಂದು ಬರೆದವರು ತಪ್ಪನ್ನೇನೂ ಬರೆದಿಲ್ಲ. ಏನನ್ನೂ ಬರೆದಿಲ್ಲ, ಅಷ್ಟೆ. “ಸೀಸೆಯ ಮೇಲೆ ೪೦ ಎಂದಿದ್ದರೆ ಕೆಂಪು ಮುಚ್ಚಳದ್ದೇ ಬೇಕೆಂದು ಅಂಗಡಿಯಲ್ಲಿ ಕೇಳಿ” ಎಂಬುದು ಗದ್ಯ.

ಹಾಗೆಯೇ, “ರೆಫ್ರಿಜರೇಟರಿನಲ್ಲಿ ೨ರಿಂದ ೮ ಡಿಗ್ರಿ ಉಷ್ಣತೆಯಲ್ಲಿ ಸಂರಕ್ಷಿಸಿ” ಎಂಬ ವಾಕ್ಯ ತನ್ನ ಓದುಗನನ್ನು ಮೊದಲೇ ಆರಿಸಿಕೊಂಡಿದೆ. ಬೇಸಗೆಯ ಹರಪನಹಳ್ಳಿ ಸೀಮೆಯಲ್ಲಿ, ವಿದ್ಯುತ್ತು ನಿಂತ ಮನೆಯಲ್ಲಿ, ಏನು ಮಾಡಬೇಕು? ನೀರು ಜಿನುಗುವ ಮಣ್ಣಿನ ಗಡಿಗೆಯಲ್ಲಿ, ನೀರು ತಾಕದಂತೆ ಡಬ್ಬಿಯೊಳಗಿಟ್ಟು ನೆರಳಿನಲ್ಲಿರಿಸಿದರೆ ಬಳಕೆಯಲ್ಲಿರುವ ಸೀಸೆಯನ್ನು ಹೊರಗಿನ ಬಿಸಿಯಿಂದ ಬಹುಮಟ್ಟಿಗೆ ಕಾಪಾಡಬಹುದು. ಇದು ತಜ್ಞರು ಒಪ್ಪಿದ ಉಪಾಯ. ನಮ್ಮ ಅಜ್ಜಿಯರು ಬಲ್ಲ ತತ್ತ್ವ. ಕರಪತ್ರದಲ್ಲಿ ಅದಕ್ಕೆ ಒಂದು ಸಾಲಿನ ಸ್ಥಳವಿಲ್ಲ.

೫

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳಿವೆ. ಉಪಕರಣಗಳು ಹೊರದೇಶದಲ್ಲಿ ರೂಪುಗೊಂಡವು, ಅವುಗಳ ಪರದೆಯ ಭಾಷೆ ಇಂಗ್ಲಿಷು. ಕನ್ನಡ ಪದಗಳನ್ನು ಟಂಕಿಸಿದರೆ ಅವು ಮೂಲಕ್ಕಿಂತ ಕಠಿನವಾಗುತ್ತವೆ ಎನ್ನುವವರುಂಟು. ಎರಡನೆಯ ಮಾತು ಬಹಳ ಮಟ್ಟಿಗೆ ನಿಜ. ನನ್ನ ಕೋರಿಕೆ ಪದಟಂಕನೆಯಲ್ಲ. ಸ್ಟ್ರಿಪ್ಪು, ಪೆನ್ನು, ಸಿರಿಂಜು ಇವೆಲ್ಲ ಕನ್ನಡವೇ ಆಗಿವೆ. ಅವುಗಳನ್ನು ಅಟ್ಟುವ ಅಗತ್ಯವಿಲ್ಲ. ಜನರು ತಾವೇ ಮಾಡಿಕೊಂಡ ಮಾತುಗಳಲ್ಲಿ ಅದ್ಭುತವಾದ ವಿವೇಕವಿದೆ. ಗ್ಲೈಕೇಟೆಡ್ ಹಿಮೋಗ್ಲೋಬಿನ್ ಪರೀಕ್ಷೆಯನ್ನು ನಮ್ಮವರು ‘ಮೂರು ತಿಂಗಳ ಸಕ್ಕರೆ’ ಎನ್ನುತ್ತಾರೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು ೧೨೦ ದಿನ. ಅದಕ್ಕೆ ಅಂಟಿದ ಗ್ಲೂಕೋಸು ಆ ಅವಧಿಯ ಸರಾಸರಿಯನ್ನು ಹೇಳುತ್ತದೆ. ಇದಕ್ಕಿಂತ ಅರ್ಥವತ್ತಾದ ಹೆಸರನ್ನು ಯಾವ ಪಾರಿಭಾಷಿಕ ಸಮಿತಿ ಕೊಡಬಲ್ಲುದು? ರಕ್ತಹೀನತೆಯುಳ್ಳವರಲ್ಲಿ ಈ ಸರಾಸರಿ ತಪ್ಪಬಹುದು ಎಂಬ ಒಂದು ವಾಕ್ಯವನ್ನು ಸೇರಿಸುವುದಷ್ಟೇ ಬರೆಹಗಾರನ ಕೆಲಸ. ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ಹೆಣ್ಣುಮಕ್ಕಳಿಗೆ ಆ ವಾಕ್ಯ ಅತ್ಯಗತ್ಯ.

ಶಾಸ್ತ್ರವಿಷಯವನ್ನು ಬರೆಯಲು ಕನ್ನಡಕ್ಕೆ ಶಕ್ತಿಯಿಲ್ಲವೆಂಬುದಂತೂ ಒಪ್ಪತಕ್ಕ ಮಾತಲ್ಲ. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಮ್ಮ ಮುಂದಿವೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರ ‘ತಾಯಿ-ಮಗು’ ಎಷ್ಟೋ ಮನೆಗಳನ್ನು ತಲಪಿತು. ಇವರೆಲ್ಲರ ಗದ್ಯದಲ್ಲಿ ಸಾಮಾನ್ಯವಾದ ಒಂದು ಗುಣವನ್ನು ಗುರುತಿಸಬಹುದು: ಎದುರಿಗೆ ಕುಳಿತವರು ಯಾರೆಂಬ ಅರಿವು. ಇಂದಿನ ಸೂಚನಾಪತ್ರಗಳಲ್ಲಿ ಇಲ್ಲದಿರುವುದು ಅದೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವೂ ಕೊನೆಗೇ ಬರುತ್ತದೆ. ಆದಕಾರಣ ಅಪಾಯವನ್ನು ಹೇಳುವ ವಾಕ್ಯ ಕಿರಿದಾಗಿರಬೇಕೆಂಬ ಸರಳ ನಿಯಮವನ್ನು ಕೂಡ ಇಂಗ್ಲಿಷನ್ನು ಎದುರಿಗಿಟ್ಟುಕೊಂಡು ಭಾಷಾಂತರಿಸುವವರು ಗಮನಿಸುವುದಿಲ್ಲ. ನಾಲ್ಕು ಸಾಲಿನ ವಾಕ್ಯದ ತುದಿಯಲ್ಲಿರುವ ‘ಬಾರದು’ ಎಂಬುದನ್ನು ತಲಪುವ ಮೊದಲೇ ಕೈ ನಡುಗುವವನ ಓದು ನಿಂತಿರುತ್ತದೆ.

ಈ ಕೆಲಸದಲ್ಲಿ ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಿಗೆ ಪಾಲಿದೆಯೆಂದು ನಾನು ನಂಬುತ್ತೇನೆ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಮನೆಗಳಲ್ಲಿ ಮೊಳೆಗೆ ಸಿಕ್ಕಿಸಿದ ಇಂಥ ಹಾಳೆಗಳನ್ನು ಸಂಗ್ರಹಿಸಲಿ. ವೈದ್ಯರನ್ನು ಕೇಳಿ ವಿಷಯವನ್ನು ಖಚಿತಪಡಿಸಿಕೊಂಡು, ವಾಕ್ಯಗಳನ್ನು ಮರಳಿ ಬರೆಯಲಿ. ಬರೆದುದನ್ನು ಅಧ್ಯಾಪಕರ ಮುಂದೆ ಓದಿದರೆ ಸಾಲದು. ಚಿಗಟೇರಿಯಂಥ ಊರಿನ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿ, ಕೇಳಿದವರು ಆ ವಾಕ್ಯದಂತೆ ಸರಿಯಾದ ಸಿರಿಂಜನ್ನು ಆರಿಸುತ್ತಾರೆಯೇ, ೫೪ ಎಂಬ ಅಂಕಿಯನ್ನು ಕಂಡಾಗ ಸಕ್ಕರೆಯ ಡಬ್ಬಿಗೆ ಕೈ ಹಾಕುತ್ತಾರೆಯೇ ಎಂದು ನೋಡಬೇಕು. ಹಾಕದಿದ್ದರೆ ಕೇಳಿದವರನ್ನು ದೂರದೆ ವಾಕ್ಯವನ್ನು ತಿದ್ದಬೇಕು.